ದೇಹದೊಳಗಿನ ಲೋಹ, ಜೇಬಿನೊಳಗಿನ ಮೊಬೈಲ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಶಿರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮೇಲೆ ನನ್ನ ಬಲಗಾಲಿನ ಮೂಳೆಯೊಳಗೆ ಟೈಟಾನಿಯಂ ರಾಡ್ ಸೇರಿಕೊಂಡಿತು. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಣ್ಣನ ಎದೆಯಲ್ಲಿ ಪೇಸ್‌ಮೇಕರ್ ಇದೆ. ನಾನು ಪಾಠ ಮಾಡಿದ ವಿಷಯವೂ ನಮ್ಮ ಮನೆಯ ಪರಿಸ್ಥಿತಿಯೂ ಹೀಗೆ ಒಂದೇ ಕಡೆ ಬಂದು ನಿಂತದ್ದರಿಂದ, ನೆಂಟರು, ಹಳೆಯ ವಿದ್ಯಾರ್ಥಿಗಳು, ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾಗುವವರು ಮೊಬೈಲ್ ಮತ್ತು ದೇಹದೊಳಗಿನ ಲೋಹದ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವೈದ್ಯನಲ್ಲ. ನಿಮ್ಮ ದೇಹದಲ್ಲಿರುವ ಉಪಕರಣದ ವಿಷಯದಲ್ಲಿ ಅದನ್ನು ಹಾಕಿದ ವೈದ್ಯರ ಮಾತೇ ಅಂತಿಮ.

ಮೊಬೈಲಿನಿಂದ ಬರುವುದು ಎಕ್ಸ್-ರೇ ತರಹದ ವಿಕಿರಣವೇ?

ಅಲ್ಲ. ಎರಡಕ್ಕೂ ವಿಕಿರಣ ಎಂಬ ಒಂದೇ ಹೆಸರಿರುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆಸ್ಪತ್ರೆಯ ಎಕ್ಸ್-ರೇಯ ಒಂದೊಂದು ಕಣವೂ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯನ್ನು ಹೊತ್ತಿರುತ್ತದೆ. ನಮ್ಮ ಜೀವಕೋಶದ ಅಣುಗಳ ಬಂಧ ಮುರಿಯಲು ಕೆಲವೇ ಎಲೆಕ್ಟ್ರಾನ್ ವೋಲ್ಟ್ ಸಾಕಾಗುವುದರಿಂದ ಎಕ್ಸ್-ರೇಯನ್ನು ಮಿತವಾಗಿ ಬಳಸಬೇಕಾಗುತ್ತದೆ. 1800 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುವ ಮೊಬೈಲಿನ ರೇಡಿಯೋ ತರಂಗದ ಕಣದಲ್ಲಿ ಇರುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದಕ್ಕೆ ಅಣುಗಳನ್ನು ಒಡೆಯುವ ಶಕ್ತಿಯಿಲ್ಲ. ಅದು ಮಾಡಬಲ್ಲದ್ದು ಮುಖ್ಯವಾಗಿ ಎರಡು: ಅಂಗಾಂಶವನ್ನು ಸ್ವಲ್ಪ ಬೆಚ್ಚಗಾಗಿಸುವುದು ಮತ್ತು ಹತ್ತಿರದ ಎಲೆಕ್ಟ್ರಾನಿಕ್ ಸರ್ಕ್ಯೂಟಿಗೆ ತೊಂದರೆ ಕೊಡುವುದು. ಮುಂದಿನ ಹೆಚ್ಚಿನ ಉತ್ತರಗಳು ಈ ಎರಡರ ಸುತ್ತಲೇ ಇವೆ.

ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಿದರು. ಅಷ್ಟು ಬಂಡೆಯನ್ನು ದಾಟಿ ಹೋಗುವ ಆ ಕಣಗಳು ಈ ಕ್ಷಣದಲ್ಲೂ ನಿಮ್ಮ ದೇಹದ ಮೂಲಕ ಹಾದುಹೋಗುತ್ತಿವೆ, ನಿಮಗೆ ಏನೂ ಆಗುತ್ತಿಲ್ಲ. ಒಂದು ವಸ್ತು ದೇಹದೊಳಗೆ ಹೊಕ್ಕಿತು ಎಂದ ಮಾತ್ರಕ್ಕೆ ಹಾನಿಯಾಯಿತು ಎಂದಲ್ಲ ಎಂಬುದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

ಕಾಲಿಗೆ ರಾಡ್, ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಪ್ಯಾಂಟಿನ ಜೇಬಿನಲ್ಲಿ ಫೋನ್ ಇಟ್ಟರೆ ಒಳಗಿನ ಲೋಹ ಕಾಯುತ್ತದೆಯೇ?

ನಿಮಗೆ ಗೊತ್ತಾಗುವಷ್ಟು ಕಾಯುವುದಿಲ್ಲ. ಇದನ್ನು ನಂಬಿ ಎಂದು ಹೇಳುವುದಕ್ಕಿಂತ ಲೆಕ್ಕ ಹಾಕಿ ತೋರಿಸುವುದು ಮೇಲು.

ಭಾರತದಲ್ಲಿ ಮಾರುವ ಫೋನಿನ ತರಂಗಗಳಿಂದ ದೇಹದ ಒಂದು ಗ್ರಾಂ ಅಂಗಾಂಶ ಹೀರಿಕೊಳ್ಳಬಹುದಾದ ಶಕ್ತಿಗೆ 2013ರ ಸೆಪ್ಟೆಂಬರ್ 1ರಿಂದ ಮಿತಿ ಇದೆ: ಕಿಲೋಗ್ರಾಂಗೆ 1.6 ವ್ಯಾಟ್. ಫೋನ್ ಈ ಮಿತಿಯಲ್ಲೇ, ಪೂರ್ತಿ ಬಲದಲ್ಲಿ, ಆರು ನಿಮಿಷ ಎಡೆಬಿಡದೆ ಕೆಲಸ ಮಾಡಿತು ಎಂದುಕೊಳ್ಳೋಣ. ಆರು ನಿಮಿಷವೆಂದರೆ 360 ಸೆಕೆಂಡು; ಒಂದು ಕಿಲೋಗೆ ಸೇರುವ ಶಕ್ತಿ 576 ಜೂಲ್. ಒಂದು ಕಿಲೋ ಮಾಂಸಖಂಡವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3500 ಜೂಲ್ ಬೇಕು. ಭಾಗಿಸಿದರೆ ಬರುವ ಉತ್ತರ ಸುಮಾರು 0.16 ಡಿಗ್ರಿ ಸೆಲ್ಸಿಯಸ್. ಈ ಲೆಕ್ಕದಲ್ಲಿ ರಕ್ತದ ಹರಿವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ನಿಜವಾದ ದೇಹದಲ್ಲಿ ರಕ್ತ ಒಂದೇ ಸಮನೆ ಹರಿಯುತ್ತಾ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಲೋಹದ ತುದಿಯಲ್ಲಿ ಶಕ್ತಿ ಮೂರು ಪಟ್ಟು ಒಟ್ಟಾಯಿತೆಂದು ಊಹಿಸಿಕೊಂಡರೂ ಏರಿಕೆ ಅರ್ಧ ಡಿಗ್ರಿ ಮುಟ್ಟುತ್ತದೆ, ಅಷ್ಟೇ. ಬಿಸಿಲಲ್ಲಿ ಅಶೋಕ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದು ಬಂದರೆ ಕಾಲಿನ ಸ್ನಾಯುಗಳು ಅದಕ್ಕಿಂತ ಹೆಚ್ಚು ಬೆಚ್ಚಗಾಗುತ್ತವೆ.

ಅದೂ ಅಲ್ಲದೆ, ಫೋನ್ ಜೇಬಿನಲ್ಲಿ ಸುಮ್ಮನೆ ಕುಳಿತಿರುವಾಗ ಹೆಚ್ಚಿನ ಹೊತ್ತು ತರಂಗಗಳನ್ನು ಕಳಿಸುವುದೇ ಇಲ್ಲ. ಆಗಾಗ ಟವರಿಗೆ ಹಾಜರಿ ಹಾಕಿ ಸುಮ್ಮನಾಗುತ್ತದೆ. ರಾಡ್ ಇರುವುದು ಮೂಳೆಯ ಮಧ್ಯದ ಟೊಳ್ಳಿನಲ್ಲಿ. ಚರ್ಮ, ಕೊಬ್ಬು, ಮಾಂಸಖಂಡಗಳನ್ನು ದಾಟುವಷ್ಟರಲ್ಲಿ ತರಂಗದ ಬಲ ಬಹುಪಾಲು ಕರಗಿಹೋಗಿರುತ್ತದೆ.

ಲೋಹ ಆಂಟೆನಾ ತರಹ ತರಂಗಗಳನ್ನು ಎಳೆದುಕೊಳ್ಳುತ್ತದೆ ಎನ್ನುತ್ತಾರಲ್ಲ?

ಈ ಮಾತಿನಲ್ಲಿ ಸತ್ಯದ ಒಂದು ಅಂಶವಿದೆ, ಹಾಗಾಗಿ ತಳ್ಳಿಹಾಕಲಾರೆ. ತರಂಗ ಲೋಹಕ್ಕೆ ತಾಗಿದಾಗ ಅದರ ಮೇಲ್ಮೈಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ, ಚೂಪಾದ ತುದಿ ಮತ್ತು ಅಂಚುಗಳ ಬಳಿ ಕ್ಷೇತ್ರ ಸ್ವಲ್ಪ ದಟ್ಟವಾಗುತ್ತದೆ. ಲೋಹದ ಉದ್ದ ತರಂಗದ ಉದ್ದದ ಅರ್ಧದ ಆಸುಪಾಸಿನಲ್ಲಿದ್ದರೆ ಈ ಪರಿಣಾಮ ಹೆಚ್ಚು. 900 ಮೆಗಾಹರ್ಟ್ಜ್ ತರಂಗ ಗಾಳಿಯಲ್ಲಿ ಸುಮಾರು 33 ಸೆಂಟಿಮೀಟರ್ ಉದ್ದವಿದ್ದರೂ, ನೀರಿನಂಶ ತುಂಬಿದ ಮಾಂಸಖಂಡದೊಳಗೆ ಅದು ನಾಲ್ಕೈದು ಸೆಂಟಿಮೀಟರಿಗೆ ಕುಗ್ಗುತ್ತದೆ. ಆದ್ದರಿಂದ ಲೆಕ್ಕದ ಪ್ರಕಾರ ಗಮನಿಸಬೇಕಾದದ್ದು ತೊಡೆಯ ಆಳದಲ್ಲಿರುವ ಉದ್ದನೆಯ ರಾಡ್ ಅಲ್ಲ, ಮುಖ ಅಥವಾ ತಲೆಬುರುಡೆಯಲ್ಲಿ ಚರ್ಮದ ಕೆಳಗೇ ಕೂರಿಸಿದ, ಎರಡು ಮೂರು ಸೆಂಟಿಮೀಟರ್ ಉದ್ದದ ಪ್ಲೇಟುಗಳು. ಫೋನನ್ನು ಕಿವಿಗೆ ಒತ್ತಿ ಹಿಡಿದಾಗ ಅಂಥ ಪ್ಲೇಟಿನ ಅಂಚಿನಲ್ಲಿ ಹೀರಿಕೆ ಹೆಚ್ಚುವುದನ್ನು ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಆ ಹೆಚ್ಚಳ ತೀರ ಚಿಕ್ಕ ಜಾಗಕ್ಕೆ ಸೀಮಿತ, ಅದರಿಂದಾಗುವ ಬಿಸಿ ಮೇಲೆ ಹೇಳಿದ ಲೆಕ್ಕದ ಅಳತೆಯದೇ. ಮುಖಕ್ಕೆ ಪ್ಲೇಟು ಹಾಕಿಸಿಕೊಂಡವರು ಅದರ ಎದುರು ಬದಿಯ ಕಿವಿಗೆ ಫೋನ್ ಹಿಡಿದರೆ, ಅಥವಾ ಇಯರ್‌ಫೋನ್ ಬಳಸಿದರೆ, ಈ ಚಿಂತೆಯೂ ಉಳಿಯುವುದಿಲ್ಲ.

ಆದರೆ ಫೋನಿನಲ್ಲಿ ಮಾತಾಡಿದ ಮೇಲೆ ಜೇಬು ಬಿಸಿಯಾಗಿರುತ್ತದೆ, ರಾಡ್ ಇರುವ ಕಾಲೂ ನೋಯುತ್ತದೆ. ಇದು ಏಕೆ?

ಜೇಬಿನ ಬಿಸಿ ಬರುವುದು ಬ್ಯಾಟರಿ ಮತ್ತು ಒಳಗಿನ ಚಿಪ್‌ನಿಂದ. ವಿಡಿಯೋ ನೋಡಿದಾಗ, ಚಾರ್ಜ್‌ಗೆ ಹಾಕಿದಾಗ ಫೋನ್ ಬಿಸಿಯಾಗುತ್ತದಲ್ಲ, ಅದೇ ಬಿಸಿ.

ನೋವಿನ ವಿಷಯವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಧನುರ್ಮಾಸದ ಚಳಿಯಲ್ಲಿ ಬೆಳಗ್ಗೆ ಎದ್ದು ಕಾಲೂರಿದಾಗ ಮೊಣಕಾಲಿನ ಕೆಳಗೆ, ರಾಡ್ ಒಳಹೋದ ಜಾಗದಲ್ಲಿ, ಹಿಡಿದಂತೆ ನೋವಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ. ಮೊದಲ ವರ್ಷ ನಾನೂ ಹಾಸಿಗೆಯ ಪಕ್ಕದಲ್ಲಿಡುತ್ತಿದ್ದ ಫೋನನ್ನು ಅನುಮಾನಿಸಿ ಹದಿನೈದು ದಿನ ಅದನ್ನು ನಡುಮನೆಯಲ್ಲಿಟ್ಟು ಮಲಗಿದೆ. ನೋವಿನಲ್ಲಿ ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ. ಬಿಸಿಲು ಏರಿದ ತಿಂಗಳಲ್ಲಿ ತಾನಾಗಿ ಹೋಯಿತು. ಕಾಲಿನ ನೋವನ್ನು ಫೋನಿನ ತಲೆಗೆ ಕಟ್ಟಿ ಸುಮ್ಮನಾಗುವುದರಲ್ಲಿ ಒಂದು ಅಪಾಯವಿದೆ: ಸ್ಕ್ರೂ ಸಡಿಲವಾಗಿರಬಹುದು, ಮೂಳೆ ಸರಿಯಾಗಿ ಕೂಡಿರದಿರಬಹುದು, ಒಳಗೆ ಸೋಂಕು ಇರಬಹುದು. ರಾತ್ರಿ ನಿದ್ದೆ ಕೆಡಿಸುವ ನೋವು, ಕೆಂಪಾಗಿ ಊದಿಕೊಂಡ ಜಾಗ, ಜ್ವರ, ಕೀವು ಕಂಡರೆ ಮೂಳೆ ವೈದ್ಯರನ್ನು ಕಾಣಲೇಬೇಕು.

ಮಂಡಿ ಚಿಪ್ಪು ಬದಲಿಸಿಕೊಂಡವರಿಗೆ?

ಅದೇ ಉತ್ತರ. ಕೃತಕ ಮಂಡಿಯಲ್ಲಿ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ, ಟೈಟಾನಿಯಂ ಮತ್ತು ನಡುವೆ ಗಟ್ಟಿ ಪ್ಲಾಸ್ಟಿಕ್ ಇರುತ್ತವೆ. ಫೋನಿನಿಂದ ಇವು ಸವೆಯುವುದಿಲ್ಲ, ಸಡಿಲವಾಗುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದ ಲೋಹಶೋಧಕ ದ್ವಾರದಲ್ಲಿ ಸದ್ದಾಗಬಹುದು. ಮಂಡಿಯಲ್ಲಿ ಲೋಹವಿದೆ ಎಂದು ಮೊದಲೇ ಹೇಳಿದರೆ ಸಾಕು.

ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಎಡಜೇಬಿನಲ್ಲಿ ಫೋನ್ ಇಡಬಹುದೇ?

ಇಡಬಹುದು. ಸ್ಟೆಂಟ್ ಎಂದರೆ ರಕ್ತನಾಳವನ್ನು ತೆರೆದಿಡುವ ಸಣ್ಣ ಲೋಹದ ಜಾಲರಿ ಮಾತ್ರ. ಅದರಲ್ಲಿ ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಜಯದೇವ ಆಸ್ಪತ್ರೆಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ನಮ್ಮ ಜಿಲ್ಲೆಯ ಊರೂರಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಫೋನಿಗೆ ಹೆದರುತ್ತಾರೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವುದು ಹೀಗೆ ಮಾತ್ರೆ ಬಿಟ್ಟಾಗ. ದಯವಿಟ್ಟು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಹಲ್ಲಿಗೆ ತುಂಬಿಸಿದ ಬೆಳ್ಳಿ, ಹೆಂಗಸರು ಧರಿಸುವ ಕಾಪರ್-ಟಿ?

ಬೆಳ್ಳಿ ಎಂದು ನಾವು ಕರೆಯುವ ಹಳೆಯ ಕಾಲದ ಹಲ್ಲಿನ ತುಂಬಿಕೆಯಲ್ಲಿ ಪಾದರಸದ ಜೊತೆ ಬೆಳ್ಳಿ, ತವರ, ತಾಮ್ರ ಸೇರಿರುತ್ತವೆ. 2008ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ, ಮೊಬೈಲ್ ಬಳಸಿದವರ ಮೂತ್ರದಲ್ಲಿ ಪಾದರಸ ಸ್ವಲ್ಪ ಹೆಚ್ಚು ಕಂಡಿತೆಂದು ಹೇಳಿತು. ಅದರಲ್ಲಿದ್ದವರು ಬೆರಳೆಣಿಕೆಯ ವಿದ್ಯಾರ್ಥಿಗಳು. ಅಷ್ಟರ ಆಧಾರದ ಮೇಲೆ ಗಟ್ಟಿಯಾಗಿ ಕೂತಿರುವ ತುಂಬಿಕೆಯನ್ನು ಕೀಳಿಸಬಾರದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುತ್ತದೆ. ಕಾಪರ್-ಟಿ ಅಥವಾ ವಂಕಿ ಧರಿಸಿದವರು ಫೋನ್ ಬಳಕೆಯಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಕಿಲ್ಲ.

ಪೇಸ್‌ಮೇಕರ್ ಇದ್ದವರಿಗೂ ಇಷ್ಟೇ ಧೈರ್ಯ ಹೇಳಬಹುದೇ?

ಇಲ್ಲಿ ಮಾತು ಬೇರೆಯಾಗುತ್ತದೆ. ರಾಡ್ ಬರಿಯ ಲೋಹ. ಪೇಸ್‌ಮೇಕರ್ ಲೋಹದ ಡಬ್ಬಿಯೊಳಗೆ ಕುಳಿತಿರುವ ಒಂದು ಎಲೆಕ್ಟ್ರಾನಿಕ್ ಯಂತ್ರ. ಹೃದಯದ ಮಿಡಿತದಿಂದ ಬರುವ, ಒಂದು ವೋಲ್ಟಿನ ಸಾವಿರದ ಕೆಲವೇ ಪಾಲಿನಷ್ಟು ಸಣ್ಣ ಸಂಕೇತವನ್ನು ಅದು ಸದಾ ಆಲಿಸುತ್ತಿರುತ್ತದೆ. ಮಿಡಿತ ತಪ್ಪಿದರೆ ತಾನು ಒಂದು ಸಣ್ಣ ಪ್ರಚೋದನೆ ಕೊಡುತ್ತದೆ. ಹೊರಗಿನ ಗದ್ದಲವನ್ನು ಅದು ಹೃದಯದ ಮಿಡಿತವೆಂದು ತಪ್ಪಾಗಿ ತಿಳಿದರೆ, ಹೃದಯ ತಾನೇ ಮಿಡಿಯುತ್ತಿದೆ ಎಂದುಕೊಂಡು ಪ್ರಚೋದನೆ ನಿಲ್ಲಿಸಬಹುದು. ಚಿಂತೆ ಇರುವುದು ಇಷ್ಟರಲ್ಲಿ.

ಈ ಚಿಂತೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪೇಸ್‌ಮೇಕರ್ ಇದ್ದ 980 ಮಂದಿಯ ಮೇಲೆ, ಐದು ಬಗೆಯ ಫೋನುಗಳೊಂದಿಗೆ, 5533 ಪರೀಕ್ಷೆಗಳನ್ನು ಮಾಡಿದರು. ಶೇಕಡ 20ರಷ್ಟು ಪರೀಕ್ಷೆಗಳಲ್ಲಿ ಯಾವುದಾದರೊಂದು ಬಗೆಯ ತೊಡಕು ಕಂಡಿತು, ಶೇಕಡ 6.6ರಲ್ಲಿ ಅದು ವೈದ್ಯಕೀಯವಾಗಿ ಗಮನಿಸಬೇಕಾದಂಥದ್ದು. ಆದರೆ ಫೋನನ್ನು ಎಂದಿನಂತೆ ಕಿವಿಗೆ ಹಿಡಿದಾಗ ಅಂಥ ತೊಡಕು ಒಂದೂ ಕಾಣಲಿಲ್ಲ. ಫೋನನ್ನು ಎದೆಯ ಮೇಲೆ, ಪೇಸ್‌ಮೇಕರಿನ ಹತ್ತಿರಕ್ಕೆ ತಂದಾಗ ಮಾತ್ರ ತೊಂದರೆ ಎದ್ದಿತು. ಅಂದಿನಿಂದ ಇಂದಿನವರೆಗೂ ಹೇಳುತ್ತಿರುವ ಎಚ್ಚರಿಕೆಯ ತಿರುಳು ಇದೇ: ಫೋನ್ ಬಳಸಿ, ಎದೆಯಿಂದ ದೂರವಿಡಿ.

ಆಮೇಲೆ ಎರಡು ಕಡೆಯಲ್ಲೂ ಸುಧಾರಣೆಯಾಗಿದೆ. ತಂತಿಗಳು ಡಬ್ಬಿಯೊಳಗೆ ಹೋಗುವ ಜಾಗದಲ್ಲಿ ರೇಡಿಯೋ ತರಂಗಗಳನ್ನು ತಡೆಯುವ ಶೋಧಕಗಳನ್ನು ಕೂರಿಸುತ್ತಾರೆ, ಟೈಟಾನಿಯಂ ಡಬ್ಬಿಯೇ ಒಂದು ರಕ್ಷಾಕವಚ. 2012ರಲ್ಲಿ ಬಂದು 2019ರಲ್ಲಿ ಪರಿಷ್ಕರಣೆಯಾದ ಐಎಸ್‌ಒ 14117 ಎಂಬ ಅಂತರರಾಷ್ಟ್ರೀಯ ಮಾನದಂಡ, ಈ ಉಪಕರಣಗಳು ಹೊರಗಿನ ತರಂಗಗಳನ್ನು ಹೇಗೆ ತಾಳಿಕೊಳ್ಳಬೇಕೆಂದು ಗೊತ್ತುಮಾಡಿದೆ. ಹಳೆಯ 2ಜಿ ಫೋನ್ ಗರಿಷ್ಠ 2 ವ್ಯಾಟ್ ಬಲದ ತುಣುಕುಗಳನ್ನು ಸೆಕೆಂಡಿಗೆ 217 ಬಾರಿ ಎಸೆಯುತ್ತಿತ್ತು. 4ಜಿ ಫೋನಿನ ಗರಿಷ್ಠ ಬಲ ಸಾಮಾನ್ಯವಾಗಿ 0.2 ವ್ಯಾಟ್ ಮಾತ್ರ. ಕೀಪ್ಯಾಡ್ ಫೋನನ್ನೇ ಸುರಕ್ಷಿತವೆಂದು ತಿಳಿದು ಅದಕ್ಕೇ ಅಂಟಿಕೊಂಡ ಹಿರಿಯರಿಗೆ ಇದನ್ನು ತಿಳಿಸಬೇಕು. 2ಜಿಯಲ್ಲಿ ಕೆಲಸ ಮಾಡುವ ಆ ಸಣ್ಣ ಫೋನನ್ನೂ ಎದೆಯಿಂದ ಅಷ್ಟೇ ದೂರ ಇಡಬೇಕು.

ಪಾಲಿಸಬೇಕಾದ ಅಂತರ 15 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಪೇಸ್‌ಮೇಕರ್ ಎಡಗಡೆ ಇದ್ದರೆ ಬಲಗಿವಿಗೆ ಫೋನ್ ಹಿಡಿಯಿರಿ. ಮಲಗಿ ಮಾತಾಡುತ್ತಾ ಫೋನನ್ನು ಎದೆಯ ಮೇಲೆ ಇಟ್ಟುಕೊಳ್ಳಬೇಡಿ.

ತರಂಗಕ್ಕಿಂತ ಫೋನಿನ ಆಯಸ್ಕಾಂತವೇ ಹೆಚ್ಚು ಅಪಾಯ ಎನ್ನುತ್ತಾರೆ. ಹೌದೇ?

ಹೌದು. ಈ ಇಡೀ ಬರಹದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಪೇಸ್‌ಮೇಕರಿನೊಳಗೆ ಆಯಸ್ಕಾಂತವನ್ನು ಗುರುತಿಸುವ ಒಂದು ಸಣ್ಣ ಸ್ವಿಚ್ ಇರುತ್ತದೆ. ತಪಾಸಣೆಯ ಸಮಯದಲ್ಲಿ ವೈದ್ಯರು ಎದೆಯ ಮೇಲೆ ಆಯಸ್ಕಾಂತವಿಟ್ಟು ಅದನ್ನು ಬೇರೆ ಬಗೆಯ ಕೆಲಸಕ್ಕೆ ಹಾಕಲೆಂದೇ ಆ ವ್ಯವಸ್ಥೆ. ಸುಮಾರು 10 ಗಾಸ್‌ನಷ್ಟು (ಗಾಸ್ ಎಂದರೆ ಆಯಸ್ಕಾಂತದ ಬಲವನ್ನು ಅಳೆಯುವ ಮಾನ) ಕ್ಷೇತ್ರ ತಾಗಿದರೆ ಸಾಕು, ಪೇಸ್‌ಮೇಕರ್ ಹೃದಯವನ್ನು ಆಲಿಸುವುದನ್ನು ಬಿಟ್ಟು ಒಂದೇ ವೇಗದಲ್ಲಿ ಪ್ರಚೋದನೆ ಕೊಡಲು ಶುರುಮಾಡುತ್ತದೆ. ಐಸಿಡಿ ಎಂಬ, ಹೃದಯ ಅಪಾಯಕಾರಿಯಾಗಿ ಓಡತೊಡಗಿದಾಗ ಶಾಕ್ ಕೊಟ್ಟು ಪ್ರಾಣ ಉಳಿಸುವ ಯಂತ್ರದಲ್ಲಿ ವಿಷಯ ಇನ್ನೂ ಗಂಭೀರ: ಆಯಸ್ಕಾಂತ ಹತ್ತಿರವಿರುವಷ್ಟು ಹೊತ್ತೂ ಅದು ಶಾಕ್ ಕೊಡುವುದನ್ನು ತಡೆಹಿಡಿಯುತ್ತದೆ, ಹೊರಗೆ ಯಾರಿಗೂ ಅದು ಗೊತ್ತಾಗದೇ ಹೋಗಬಹುದು.

2020ರಲ್ಲಿ ಬಂದ ಐಫೋನ್ 12ರಲ್ಲಿ ಚಾರ್ಜರನ್ನು ಹಿಂಬದಿಗೆ ಅಂಟಿಸಿಕೊಳ್ಳಲು ಆಯಸ್ಕಾಂತಗಳ ವೃತ್ತವಿತ್ತು. ಅಮೆರಿಕದ ವೈದ್ಯರು ಅದನ್ನು ಐಸಿಡಿ ಇದ್ದ ರೋಗಿಯೊಬ್ಬರ ಎದೆಯ ಬಳಿ ತಂದಾಗ ಯಂತ್ರ ತಕ್ಷಣ ತಡೆಯ ಸ್ಥಿತಿಗೆ ಹೋದದ್ದನ್ನು 2021ರ ಆರಂಭದಲ್ಲಿ ವರದಿ ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಇಂಥ ಫೋನ್ ಮತ್ತು ವಾಚುಗಳನ್ನು ಎದೆಯ ಉಪಕರಣದಿಂದ 15 ಸೆಂಟಿಮೀಟರ್ ದೂರವಿಡಲು ಹೇಳಿತು. ತಂತಿಯಿಲ್ಲದೆ ಚಾರ್ಜ್ ಆಗುತ್ತಿರುವಾಗ 30 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಲಿ ಎಂದು ಆಪಲ್ ಕಂಪನಿಯೇ ಸೂಚಿಸುತ್ತದೆ.

ನಮ್ಮ ಊರಿನಲ್ಲಿ ಐಫೋನ್ ಯಾರ ಹತ್ತಿರ ಇದೆ ಎಂದು ಇದನ್ನು ಬಿಟ್ಟುಬಿಡಬೇಡಿ. ಕಳೆದ ವರ್ಷ ಅಣ್ಣನನ್ನು ನೋಡಲು ಹೋದಾಗ, ಅವನ ಅಂಗಿಯ ಎಡಜೇಬಿನಲ್ಲಿ, ಪೇಸ್‌ಮೇಕರಿನ ಉಬ್ಬು ಕಾಣುವ ಜಾಗದ ಸರಿಯಾಗಿ ಕೆಳಗೆ, ಪುಸ್ತಕದಂತೆ ಮಡಚುವ ಕವರಿನ ಫೋನ್ ಇತ್ತು. ಕವರಿನ ಬಾಯಿ ಮುಚ್ಚುವ ಪಟ್ಟಿ ಟಕ್ಕೆಂದು ಕೂರುತ್ತಿತ್ತು. ಅತ್ತಿಗೆಯ ಹೊಲಿಗೆ ಡಬ್ಬಿಯಿಂದ ಒಂದು ಗುಂಡುಸೂಜಿ ತರಿಸಿ ಆ ಪಟ್ಟಿಯ ಹತ್ತಿರ ಹಿಡಿದೆ. ಸೂಜಿ ನನ್ನ ಬೆರಳಿನಿಂದ ಜಾರಿ ಪಟ್ಟಿಗೆ ಅಂಟಿಕೊಂಡು ನೆಟ್ಟಗೆ ನಿಂತಿತು. ಅಣ್ಣ ಅದನ್ನೇ ನೋಡುತ್ತಾ, “ಡಾಕ್ಟ್ರು ಫೋನ್ ದೂರ ಇಡಿ ಅಂದಿದ್ರು ಕಣೋ, ಕವರಿನ ಮಾತು ಯಾರೂ ಆಡ್ಲಿಲ್ಲ” ಎಂದ. ಆ ದಿನವೇ ಕವರ್ ತೆಗೆಸಿದೆವು, ಫೋನ್ ಪಂಚೆಯ ಒಳಗಿನ ಚಡ್ಡಿಜೇಬಿಗೆ ಇಳಿಯಿತು.

ಈ ಗುಂಡುಸೂಜಿ ಪರೀಕ್ಷೆಯನ್ನು ನೀವೂ ಮಾಡಿ. ಫೋನಿನ ಹಿಂಬದಿ, ಸ್ಪೀಕರಿನ ಜಾಗ, ಕವರಿನ ಪಟ್ಟಿ, ಬ್ಲೂಟೂತ್ ಇಯರ್‌ಫೋನಿನ ಡಬ್ಬಿ, ಕಾರಿನಲ್ಲಿ ಫೋನ್ ಅಂಟಿಸುವ ಬಿಲ್ಲೆ, ಒಂದೊಂದಕ್ಕೂ ಸೂಜಿ ಹಿಡಿದು ನೋಡಿ. ಸೂಜಿ ಅಂಟಿದ ವಸ್ತು ಎದೆಯ ಜೇಬಿಗೆ ಹೋಗಬಾರದು. ಸೂಜಿ ಅಂಟಲಿಲ್ಲವೆಂದರೂ 15 ಸೆಂಟಿಮೀಟರಿನ ನಿಯಮ ಹಾಗೆಯೇ ಇರಲಿ. ಸಣ್ಣ ಆಯಸ್ಕಾಂತದಿಂದ ದೂರ ಎರಡರಷ್ಟಾದರೆ ಅದರ ಬಲ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ಜೇಬಿನಿಂದ ಇನ್ನೊಂದಕ್ಕೆ ಬದಲಾಯಿಸುವಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಸಿಗುವುದು ಇದರಿಂದಲೇ.

ಕಿವಿಯೊಳಗಿನ ಯಂತ್ರ, ತಲೆಯ ಶಂಟ್ ಇರುವ ಮಕ್ಕಳಿಗೆ?

ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗುವಿಗೆ ಕೆಲವು ಫೋನುಗಳ ಬಳಿ ಝುಂಯ್ ಎಂಬ ಸದ್ದು ಕೇಳಬಹುದು. ಅದು ಕಿರಿಕಿರಿಯೇ ಹೊರತು ಹಾನಿಯಲ್ಲ. ಮೆದುಳಿನ ನೀರನ್ನು ಹರಿಸುವ ಶಂಟಿನಲ್ಲಿ ಹೊರಗಿನಿಂದ ಹೊಂದಿಸಬಹುದಾದ ಕವಾಟವಿದ್ದರೆ ಮಾತ್ರ ಹುಷಾರಾಗಿರಬೇಕು. ಆ ಕವಾಟಗಳನ್ನು ಆಯಸ್ಕಾಂತದಿಂದಲೇ ಹೊಂದಿಸುವುದರಿಂದ, ಟ್ಯಾಬ್ಲೆಟ್ಟಿನ ಕವರ್, ಹೆಡ್‌ಫೋನ್, ಆಟಿಕೆಯ ಆಯಸ್ಕಾಂತ ಕವಾಟದ ಮೇಲೆಯೇ ಕೂತರೆ ಹೊಂದಾಣಿಕೆ ಬದಲಾಗುವ ಸಾಧ್ಯತೆ ಇದೆ. ನಿಮ್ಮ ಮಗುವಿನ ಕವಾಟ ಯಾವ ಬಗೆಯದು ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇಂಪ್ಲಾಂಟ್ (ದೇಹದೊಳಗೆ ಕೂರಿಸಿದ ಲೋಹ ಅಥವಾ ಉಪಕರಣ) ಇದ್ದವರಿಗೆ ಮೊಬೈಲಿನಿಂದ ಕ್ಯಾನ್ಸರ್ ಅಪಾಯ ಹೆಚ್ಚೇ?

ಹಾಗೆಂದು ತೋರಿಸುವ ಪುರಾವೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು, ಸೀಮಿತ ಪುರಾವೆಯ ಆಧಾರದ ಮೇಲೆ, ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ನನ್ನ ಫೋನಿನ ವಿಕಿರಣ ಎಷ್ಟೆಂದು ಮನೆಯಲ್ಲೇ ತಿಳಿಯಬಹುದೇ?

*#07# ಒತ್ತಿ. ಹೆಚ್ಚಿನ ಫೋನುಗಳಲ್ಲಿ ಎಸ್‌ಎಆರ್ ಎಂಬ ಅಂಕಿ, ಅಂದರೆ ಮೇಲೆ ಹೇಳಿದ ಹೀರಿಕೆಯ ಅಳತೆ, ಕಾಣುತ್ತದೆ, ಅದು 1.6 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅದು ಪೂರ್ತಿ ಬಲದಲ್ಲಿ ಅಳೆದ ಅಂಕಿ. ದಿನನಿತ್ಯದ ಬಳಕೆಯಲ್ಲಿ ಹೀರಿಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಪಾವಗಡದ ಕಡೆ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ. ವಿಕಿರಣವೂ ಕಡಿಮೆ ಇರಬೇಕಲ್ಲವೇ?

ಟವರಿನಿಂದ ಬರುವುದು ಕಡಿಮೆ, ನಿಮ್ಮ ಫೋನಿನಿಂದ ಹೊರಡುವುದು ಹೆಚ್ಚು. ಟವರ್ ದೂರವಿದ್ದಾಗ ಫೋನ್ ಕೂಗಿ ಮಾತಾಡಬೇಕಾಗುತ್ತದೆ, ಹತ್ತಿರವಿದ್ದಾಗ ಪಿಸುಗುಟ್ಟಿದರೂ ಸಾಕು. ಮಧುಗಿರಿ ಬೆಟ್ಟದ ಮರೆಯಲ್ಲಿ, ದಪ್ಪ ಗೋಡೆಯ ಕೋಣೆಯೊಳಗೆ, ಓಡುವ ಬಸ್ಸಿನಲ್ಲಿ ಫೋನ್ ಹೆಚ್ಚು ಬಲದಿಂದ ಕೆಲಸ ಮಾಡುತ್ತದೆ, ಬ್ಯಾಟರಿ ಬೇಗ ಖಾಲಿಯಾಗುವುದಕ್ಕೂ ಇದು ಒಂದು ಕಾರಣ. ಪೇಸ್‌ಮೇಕರ್ ಇರುವವರು ಅಂಗಳಕ್ಕೋ ಮಾಳಿಗೆಗೋ ಬಂದು, ಕಡ್ಡಿ ಹೆಚ್ಚಿರುವ ಕಡೆ ಮಾತಾಡುವುದು ಒಳ್ಳೆಯದು. ಸ್ಪೀಕರ್ ಹಾಕಿ ಫೋನನ್ನು ಜಗುಲಿಯ ಮೇಲಿಟ್ಟು ಮಾತಾಡಿದರೆ ಇನ್ನೂ ಒಳ್ಳೆಯದು.

ಪಕ್ಕದ ಮನೆಯ ಮೇಲೆ ಟವರ್ ಹಾಕಿದ್ದಾರೆ. ಮನೆಯಲ್ಲಿ ಪೇಸ್‌ಮೇಕರ್ ಇರುವ ಅಜ್ಜಿ ಇದ್ದಾರೆ. ಮನೆ ಬದಲಾಯಿಸಬೇಕೇ?

ಬೇಡ. ಟವರಿನ ತರಂಗಗಳು ಟಾರ್ಚಿನ ಬೆಳಕಿನಂತೆ ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿ ಹೋಗುತ್ತವೆ. ಅದರ ನೇರ ಕೆಳಗಿನ ಮನೆಗೆ ತಲುಪುವುದು ತೀರ ಕಡಿಮೆ. ಭಾರತ 2012ರ ಸೆಪ್ಟೆಂಬರ್‌ನಲ್ಲಿ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದಕ್ಕೆ ಇಳಿಸಿತು. ಅಜ್ಜಿಯ ಪೇಸ್‌ಮೇಕರಿಗೆ ಪಕ್ಕದ ಟವರಿಗಿಂತ, ಅವರನ್ನು ತಬ್ಬಿ ಮಲಗುವ ಮೊಮ್ಮಗನ ಕೈಯಲ್ಲಿರುವ ಫೋನ್ ಹೆಚ್ಚು ಹತ್ತಿರ. ಅನುಮಾನ ಉಳಿದರೆ ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಆ ಟವರಿನ ವಿವರ ನೋಡಬಹುದು, ಅಳತೆ ಮಾಡಿಸಲು ಮನವಿಯನ್ನೂ ಸಲ್ಲಿಸಬಹುದು.

5ಜಿ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ನಮ್ಮಲ್ಲಿ 5ಜಿಗೆ ಬಳಸುವ 3.5 ಗಿಗಾಹರ್ಟ್ಜ್ ಆಸುಪಾಸಿನ ತರಂಗಗಳು ಹಳೆಯವುಗಳಿಗಿಂತ ದೇಹದೊಳಗೆ ಇನ್ನೂ ಕಡಿಮೆ ಆಳಕ್ಕೆ ಹೋಗುತ್ತವೆ.

ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಿದರೆ ಒಳ್ಳೆಯದಲ್ಲವೇ?

ದುಡ್ಡು ದಂಡ. ಸ್ಟಿಕ್ಕರ್ ನಿಜವಾಗಿಯೂ ತರಂಗಗಳಿಗೆ ಅಡ್ಡ ಬಂದರೆ ಫೋನ್ ಟವರನ್ನು ಮುಟ್ಟಲು ತನ್ನ ಬಲವನ್ನು ಏರಿಸಿಕೊಳ್ಳುತ್ತದೆ. ಅಡ್ಡ ಬಾರದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಲೋಹ ಇರುವವರು ನಿಜವಾಗಿ ಎಚ್ಚರವಿರಬೇಕಾದದ್ದು ಯಾವುದಕ್ಕೆ?

ಫೋನಿನ ಭಯದಲ್ಲಿ ಮರೆಯಾಗುವ ಮೊದಲ ವಿಷಯ ಫಿಸಿಯೋಥೆರಪಿ ಕೇಂದ್ರದ ಡಯಾಥರ್ಮಿ, ಅಂದರೆ ಸೊಂಟ, ಮಂಡಿ, ಭುಜಕ್ಕೆ ಯಂತ್ರದಿಂದ ಶಾಖ ಕೊಡುವ ಚಿಕಿತ್ಸೆ. ಅದೂ ರೇಡಿಯೋ ತರಂಗವೇ, ಸಾಮಾನ್ಯವಾಗಿ 27.12 ಮೆಗಾಹರ್ಟ್ಜ್‌ನದು. ಆದರೆ ಅಂಗಾಂಶವನ್ನು ಆಳದವರೆಗೆ ಬಿಸಿ ಮಾಡಲೆಂದೇ ಅದನ್ನು ಬಳಸುವುದರಿಂದ ಬಲ ಫೋನಿಗಿಂತ ನೂರಾರು ಪಟ್ಟು ಹೆಚ್ಚಿರುತ್ತದೆ. ಲೋಹದ ಆಂಟೆನಾ ಪರಿಣಾಮ ಸುಡುವ ಮಟ್ಟಕ್ಕೆ ಬೆಳೆಯುವುದು ಇಲ್ಲಿ. ಮೆದುಳಿನಲ್ಲಿ ಪ್ರಚೋದಕ ತಂತಿಗಳಿದ್ದ ರೋಗಿಗೆ ಡಯಾಥರ್ಮಿ ಕೊಟ್ಟು ಮೆದುಳಿಗೆ ತೀವ್ರ ಹಾನಿಯಾದದ್ದು 2001ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ನಾನೇ ಒಮ್ಮೆ ಕಾಲುನೋವಿಗೆಂದು ಒಂದು ಕೇಂದ್ರಕ್ಕೆ ಹೋದಾಗ, ಒಳಗೆ ಲೋಹವಿದೆಯೇ ಎಂದು ಕೇಳದೆಯೇ ಹುಡುಗ ಪ್ಯಾಡುಗಳನ್ನು ಹಚ್ಚಲು ಬಂದ. ರಾಡ್ ಇದೆ ಎಂದ ಮೇಲೆ ಗಾಬರಿಯಿಂದ ಯಂತ್ರವನ್ನು ಪಕ್ಕಕ್ಕೆ ಸರಿಸಿದ. ಅವರು ಕೇಳಲಿ ಎಂದು ಕಾಯಬೇಡಿ, ಮಂಚದ ಮೇಲೆ ಮಲಗುವ ಮೊದಲೇ ನೀವಾಗಿಯೇ ಹೇಳಿ.

ಎರಡನೆಯದು ಎಂಆರ್‌ಐ. ಸಾಮಾನ್ಯ ಎಂಆರ್‌ಐ ಯಂತ್ರದ ಆಯಸ್ಕಾಂತ 1.5 ಟೆಸ್ಲಾ, ಅಂದರೆ 15,000 ಗಾಸ್. ಇಂದಿನ ಟೈಟಾನಿಯಂ ರಾಡ್, ಸ್ಟೆಂಟ್, ಮಂಡಿಗಳಲ್ಲಿ ಹೆಚ್ಚಿನವಕ್ಕೆ ಅದು ಒಗ್ಗುತ್ತದೆ, ಕೆಲವು ಪೇಸ್‌ಮೇಕರುಗಳಿಗೆ ಷರತ್ತುಗಳೊಂದಿಗೆ ಒಗ್ಗುತ್ತದೆ, ಕೆಲವಕ್ಕೆ ಒಗ್ಗುವುದೇ ಇಲ್ಲ. ಇದನ್ನು ತೀರ್ಮಾನಿಸಲು ಉಪಕರಣದ ಹೆಸರು ಮತ್ತು ಮಾದರಿ ಗೊತ್ತಿರಬೇಕು.

ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಪೇಸ್‌ಮೇಕರ್ ಇರುವವರು ಅದರಿಂದ 60 ಸೆಂಟಿಮೀಟರ್ ಹಿಂದೆ ನಿಲ್ಲಬೇಕು. ಬಗ್ಗಿ ಪಾತ್ರೆ ಕಲಕುವುದನ್ನು ಬೇರೆಯವರಿಗೆ ಬಿಡುವುದು ಕ್ಷೇಮ. ವೆಲ್ಡಿಂಗ್ ಕೆಲಸ ಮಾಡುವವರು, ಬೋರ್‌ವೆಲ್ ಮೋಟಾರು, ಸ್ಟಾರ್ಟರ್ ರಿಪೇರಿ ಮಾಡುವವರು ಪೇಸ್‌ಮೇಕರ್ ಹಾಕಿಸಿಕೊಳ್ಳುವ ಮೊದಲೇ ತಮ್ಮ ಕಸುಬನ್ನು ವೈದ್ಯರಿಗೆ ತಿಳಿಸಬೇಕು. ಮೋಟಾರ್ ಚಾಲೂ ಮಾಡಿ ದೂರ ಸರಿಯುವುದು ಬೇರೆ, ಅದರ ಮೇಲೆ ಎದೆಯೊರಗಿಸಿ ಕೆಲಸ ಮಾಡುವುದು ಬೇರೆ.

ಆಸ್ಪತ್ರೆಯಲ್ಲಿ ಕೊಟ್ಟ ಇಂಪ್ಲಾಂಟ್ ಕಾರ್ಡ್ ಕಳೆದುಹೋಗಿದೆ. ಏನು ಮಾಡಬೇಕು?

ಉಪಕರಣ ಹಾಕಿದ ಆಸ್ಪತ್ರೆಗೆ ಡಿಸ್ಚಾರ್ಜ್ ಚೀಟಿಯೊಂದಿಗೆ ಹೋಗಿ ವಿವರ ಕೇಳಿ. ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ಉಪಕರಣದ ಡಬ್ಬಿಯಿಂದ ಕಿತ್ತು ಅಂಟಿಸಿದ ಸಣ್ಣ ಚೀಟಿ ಸಾಮಾನ್ಯವಾಗಿ ಇರುತ್ತದೆ, ಅದರಲ್ಲಿ ಕಂಪನಿ, ಮಾದರಿ ಮತ್ತು ಕ್ರಮಸಂಖ್ಯೆ ಇರುತ್ತವೆ. ಸಿಕ್ಕಿದ ಮೇಲೆ ಅದರ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮಗನ ಅಥವಾ ಮಗಳ ಫೋನಿನಲ್ಲೂ ಇಟ್ಟುಕೊಳ್ಳಿ. ಹೊಸ ಪೇಸ್‌ಮೇಕರುಗಳಲ್ಲಿ ಕೆಲವು ಬ್ಲೂಟೂತ್ ಮೂಲಕ ಮೊಬೈಲಿನ ಆ್ಯಪ್‌ಗೆ ಮಾಹಿತಿ ಕೊಟ್ಟು, ಅದನ್ನು ನೇರವಾಗಿ ವೈದ್ಯರಿಗೆ ತಲುಪಿಸುತ್ತವೆ. ಅಂಥದ್ದು ನಿಮ್ಮದಾಗಿದ್ದರೆ ಫೋನನ್ನು ಮನೆಯಿಂದಲೇ ಹೊರಗಿಡುವುದು ತಪ್ಪಾಗುತ್ತದೆ.

ಫೋನ್ ಎದೆಯ ಹತ್ತಿರ ಇದ್ದಾಗ ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ?

ಫೋನನ್ನು ಕೈಯಳತೆಗಿಂತ ದೂರ ಇಡಿ, ಕುಳಿತುಕೊಳ್ಳಿ. ಫೋನಿನಿಂದಲೋ ಆಯಸ್ಕಾಂತದಿಂದಲೋ ಆದ ತೊಡಕಾದರೆ ದೂರ ಸರಿಸಿದ ಕೂಡಲೇ ಪೇಸ್‌ಮೇಕರ್ ಸಾಮಾನ್ಯವಾಗಿ ತನ್ನ ಎಂದಿನ ಕೆಲಸಕ್ಕೆ ಮರಳುತ್ತದೆ. ಅದು ಸರಿಹೋದರೂ ದಿನಾಂಕ, ಸಮಯ, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆದಿಡಿ. ಉಪಕರಣದ ನೆನಪಿನಲ್ಲಿ ದಾಖಲಾಗಿರುವುದನ್ನು ವೈದ್ಯರು ನಿಮ್ಮ ಚೀಟಿಯ ಜೊತೆ ಹೊಂದಿಸಿ ನೋಡಿ ಕಾರಣವನ್ನು ಗುರುತಿಸಬಲ್ಲರು. ಫೋನ್ ದೂರ ಇಟ್ಟ ಮೇಲೂ ತಲೆಸುತ್ತು ನಿಲ್ಲದಿದ್ದರೆ, ಎದೆನೋವು ಬಂದರೆ, ಕಣ್ಣು ಕತ್ತಲೆ ಕಟ್ಟಿದರೆ, ಐಸಿಡಿ ಶಾಕ್ ಕೊಟ್ಟರೆ, ಫೋನಿನ ಯೋಚನೆಯನ್ನು ಬಿಟ್ಟು ಅದೇ ಫೋನಿನಿಂದ 108ಕ್ಕೆ ಕರೆ ಮಾಡಿ, ಬಂದವರ ಕೈಗೆ ಇಂಪ್ಲಾಂಟ್ ಕಾರ್ಡ್ ಕೊಡಿ.